ಮಾವನ ಚುಕ್ಕೆಗಳು

ತಕ್ಕಡಿ ಕಂಪನಿಯಲ್ಲಿ ಎಲ್ಲರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಮೊದಲು ಹಾಗಿರಲಿಲ್ಲ. ಅವರ ಸೊಸೆ ಅದೇ ಕಂಪನಿಯ ಒಳಕೋಣೆಯಲ್ಲಿ ಡೇಟಾ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೆಟ್ಟಿಲ ಮೇಲೆ ಎದುರಾದವರನ್ನು ಅಭ್ಯಾಸಬಲದಿಂದ "ಮಾವ" ಎಂದುಬಿಟ್ಟಳು. ಅಷ್ಟೇ ಸಾಕಾಯಿತು. ಕೆಲವೇ ದಿನಗಳಲ್ಲಿ ಗೋದಾಮಿನವರು, ಲೆಕ್ಕದವರು, ಬಾಗಿಲು ಕಾಯುವವನು, ಕೊನೆಗೆ ವಯಸ್ಸಿನಲ್ಲಿ ಅವರಿಗಿಂತ ಹಿರಿಯನಾದ ಮ್ಯಾನೇಜರೂ ಅವರಿಗೆ ಅಳಿಯನಾದ. ಹೆಣ್ಣು ಕೊಡದೆ ಇಷ್ಟೊಂದು ಅಳಿಯಂದಿರನ್ನು ಸಂಪಾದಿಸಿದವನು ತಾನೊಬ್ಬನೇ ಎಂದು ಮಾವ ಹೇಳಿಕೊಂಡು ಓಡಾಡುತ್ತಿದ್ದರು.

ಅಂಗಡಿ ಅಂಗಡಿಗೆ ಹೋಗಿ ತೂಕದ ಯಂತ್ರ ಮಾರುವುದು, ಮಾರಿದ್ದು ಕೆಟ್ಟರೆ ಹೊತ್ತು ತಂದು ರಿಪೇರಿ ಮಾಡಿಸಿ ಮತ್ತೆ ಕೊಂಡೊಯ್ದು ಕೂರಿಸುವುದು ಮಾವನ ಕೆಲಸ. ಹಳೇ ಪೇಟೆ ಮತ್ತು ಅದರ ಬೆನ್ನಿಗಿದ್ದ ಓಣಿಗಳು ಅವರ ವಲಯ. ಕಿರಾಣಿ, ಮಾಂಸ, ಗುಜರಿ, ಚಿನ್ನ, ಹಿಟ್ಟಿನ ಗಿರಣಿ, ಏನಾದರೊಂದನ್ನು ತೂಗಿ ಬದುಕುವವರೆಲ್ಲ ಅವರ ಗಿರಾಕಿಗಳು. ಊಟಕ್ಕೆ ಕೂತಾಗ ಮಾವ ಅವರೆಲ್ಲರನ್ನೂ ಆಡಿ ತೋರಿಸುತ್ತಿದ್ದರು. ಚಿನ್ನದಂಗಡಿಯವನು ತಟ್ಟೆಗೆ ಗಾಳಿ ತಾಗೀತೆಂದು ಉಸಿರು ಬಿಗಿಹಿಡಿದು, ಕೆನ್ನೆ ಉಬ್ಬಿಸಿ, ಕಣ್ಣಲ್ಲೇ ಗಿರಾಕಿಯನ್ನು ದೂರ ನಿಲ್ಲಿಸುವುದು. ಗುಜರಿಯವನು ಕಬ್ಬಿಣವನ್ನು ದೂರದಿಂದ ಎಸೆದು, ಯಂತ್ರ ನಡುಗುವುದು ನಿಲ್ಲುವ ಮೊದಲೇ ತೂಕ ಕೂಗುವುದು. ಅನ್ನ ಕಲಸಿದ ಕೈ ಒಣಗುವವರೆಗೂ ಸೊಸೆ ನಗುತ್ತಿದ್ದಳು. ಅವಳ ಗಂಡ ಲಾರಿಯ ಮೇಲೆ, ತಿಂಗಳಲ್ಲಿ ಅರ್ಧ ಹೊರಗೇ. ಅತ್ತೆಗೆ ಈ ಆಟ ಕೇಳಿಸುವುದಷ್ಟೇ. ನೋಡಲು ಕಣ್ಣು ಸಾಲದು. ಕಣ್ಣಿನ ಒಳಪರದೆಯ ಹಿಂದೆ ನೀರು ತುಂಬಿಕೊಳ್ಳುವ ಕಾಯಿಲೆ. ಆಗಾಗ ಆಸ್ಪತ್ರೆಗೆ ಹೋಗಿ ಕಣ್ಣಿಗೇ ಸೂಜಿ ಚುಚ್ಚಿಸಿಕೊಂಡರೆ ಇದ್ದಷ್ಟು ದೃಷ್ಟಿ ಉಳಿಯುತ್ತದೆ, ಬಿಟ್ಟರೆ ಅದೂ ಹೋಗುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಆ ಸೂಜಿ ನಡೆಯುತ್ತಿದ್ದುದು ಮಾವನ ಕೆಲಸದ ವಿಮೆಯಲ್ಲಿ. ಸೊಸೆಯದು ಗುತ್ತಿಗೆ ನೌಕರಿ. ಅವಳಿಗೆ ಕಂಪನಿ ಕೊಟ್ಟಿದ್ದು ಒಂದು ಕುರ್ಚಿ, ಅದೂ ಒಂದು ಕಡೆಗೆ ವಾಲಿದ್ದು.

ಕಂಪನಿ ಒಂದು ಸಣ್ಣ ಎದುರಾಳಿ ಕಂಪನಿಯನ್ನು ಕೊಂಡಿತು. ಯಂತ್ರಗಳ ಜೊತೆ ಆ ಕಂಪನಿಯ ಗಿರಾಕಿಗಳ ಮಾಹಿತಿಯೂ ಬಂತು. ಇಬ್ಬರ ಗಿರಾಕಿಗಳನ್ನೂ ಒಂದೇ ಕಡೆ ಸುರಿದು, ಶುದ್ಧ ಮಾಡಿ, ನಕ್ಷೆಯ ಮೇಲೆ ಕೂರಿಸಿ, ಯಾವ ಮಾರಾಟಗಾರನಿಗೆ ಯಾವ ಬೀದಿ ಎಂದು ಹೊಸದಾಗಿ ಹಂಚುವ ಸಾಫ್ಟ್‌ವೇರ್ ತರಿಸಿದರು. ಅದನ್ನು ಕಲಿಸಲು ಬಂದವನು ಇಸ್ತ್ರಿ ಮಾಡಿದ ಮಾತಿನ ಹುಡುಗ. ಬಂದವನೇ ಮಾರಾಟಗಾರರನ್ನು ಸಾಲಾಗಿ ಕೂರಿಸಿ, ಗೋಡೆಯ ಮೇಲಿನ ನಕ್ಷೆಗೆ ಬೆರಳಿಟ್ಟು, "ಬೇಸಿಕಲಿ, ಈ ಗಡಿ ಯಾರದು? ಈ ಗಡಿ ಯಾರದು?" ಎಂದು ಕೇಳುತ್ತ ಹೋದ. ಮಾವ ಅಲ್ಲೇ ಅವನಿಗೆ ಗಡಿಯಾರ ಎಂದು ಹೆಸರಿಟ್ಟರು. ಹೆಸರು ಮಧ್ಯಾಹ್ನದೊಳಗೆ ಗೋದಾಮು ಮುಟ್ಟಿತು.

ಆದರೆ ಆ ಸಭೆಯ ಕೊನೆಯಲ್ಲಿ ಯಾರೂ ನಗಲಿಲ್ಲ. ಮ್ಯಾನೇಜರ್ ಎದ್ದು ನಿಂತು, ಪ್ರತಿ ವಾಕ್ಯದ ಬಾಲವನ್ನೂ ಎಳೆಯುವ ತನ್ನ ರಾಗದಲ್ಲಿ, ಹೊಸ ಹಂಚಿಕೆಯಲ್ಲಿ ಯಾರ ಹೆಸರಿಗೆ ವಲಯ ಬರುವುದಿಲ್ಲವೋ ಅವರಿಗೆ ಕಂಪನಿಯಲ್ಲೂ ಜಾಗ ಇರುವುದಿಲ್ಲವೂ ಎಂದ. ಡೇಟಾ ಮಾತ್ರ ಕ್ಲೀನ್ ಆಗಿರಬೇಕಮ್ಮಾ, ಕ್ಲೀನೂ, ಎಂದು ಸೊಸೆಯ ಕಡೆ ನೋಡಿದ.

ಅವಳು ಕೆಲಸಕ್ಕೆ ಇಳಿದಳು. ಕೊಂಡ ಕಂಪನಿಯ ಮಾಹಿತಿಯಲ್ಲಿ ಹೆಸರು, ವಿಳಾಸ, ಬೈಗುಳ ಎಲ್ಲ ಒಂದೇ ಚೌಕದಲ್ಲಿ ತುಂಬಿತ್ತು. 'ನೀರಿನ ಟ್ಯಾಂಕ್ ಹಿಂದೆ, ಜಿಪುಣ, ಸಂಜೆ ಹೋಗಬೇಡಿ.' ಟ್ಯಾಂಕನ್ನು ವಿಳಾಸದ ಅಂಕಣಕ್ಕೂ ಸಂಜೆಯನ್ನು ಭೇಟಿಯ ವೇಳೆಗೂ ಸರಿಸಿದಳು, ಜಿಪುಣನಿಗೆ ಅಂಕಣವಿರಲಿಲ್ಲ. ಇಮೇಲ್ ಕಡ್ಡಾಯವೆಂದು ಅರ್ಧ ಊರು 'ಇಲ್ಲ ಎಟ್ ಇಲ್ಲ ಡಾಟ್ ಕಾಮ್' ಎಂಬ ಒಂದೇ ಮನೆಯಲ್ಲಿ ವಾಸವಾಗಿತ್ತು. ಅಕ್ಷಾಂಶದ ಜಾಗದಲ್ಲಿ ರೇಖಾಂಶ ಹಾಕಿದ್ದರಿಂದ ಮೊದಲ ಸಲ ನಕ್ಷೆ ತೆರೆದಾಗ ಕಿರಾಣಿ ಅಂಗಡಿಗಳೆಲ್ಲ ಸಮುದ್ರದ ನಡುವೆ ತೇಲುತ್ತಿದ್ದವು. ಅವನ್ನೆಲ್ಲ ದಡ ಸೇರಿಸಿದಳು. ಕೊನೆಗೆ ಉಳಿದಿದ್ದು ಒಂದೇ ಗಿರಾಕಿ ಎರಡು ಸಲ ಬಂದಿದ್ದರೆ ಕೂಡಿಸುವುದು. ಗಡಿಯಾರ ಅದಕ್ಕೊಂದು ನಿಯಮ ಹೇಳಿಕೊಟ್ಟಿದ್ದ. ಹೆಸರನ್ನು ನಂಬಬೇಡಿ, ಹೆಸರು ಹೇಗೆ ಬೇಕಾದರೂ ಬರೆಯುತ್ತಾರೆ. ಫೋನ್ ನಂಬರ್ ಒಂದೇ ಇದ್ದರೆ ಗ್ರಾಹಕನೂ ಒಬ್ಬನೇ. ಅವಳು ನಿಯಮ ಹಾಕಿ ಒತ್ತಿದಳು. ಯಂತ್ರ ಸ್ವಲ್ಪ ಹೊತ್ತು ಗುನುಗಿ, ನಕಲುಗಳನ್ನು ತೆಗೆದೆ ಎಂದು ಬೀಗಿತು.

ಮತ್ತೆ ನಕ್ಷೆ ತೆರೆದಾಗ ಒಬ್ಬೊಬ್ಬ ಮಾರಾಟಗಾರನಿಗೆ ಒಂದೊಂದು ಬಣ್ಣ ಬಂದಿತ್ತು. ಮಾವನದು ತಿಳಿ ಹಸಿರು. ಹಳೇ ಪೇಟೆಯ ಮೇಲೆ ತಿಳಿ ಹಸಿರಿನ ಚುಕ್ಕೆ ಇದ್ದದ್ದು ಒಂದೇ. ಸುತ್ತಲ ಬೀದಿಗಳೆಲ್ಲ ಬಿಳುಚಿಕೊಂಡಿದ್ದವು. 'ಖಾಲಿ ವಲಯ, ಪಕ್ಕದ ವಲಯಕ್ಕೆ ಸೇರಿಸಬಹುದು' ಎಂಬ ಸಲಹೆ ಮೂಲೆಯಲ್ಲಿ ಮಿನುಗುತ್ತಿತ್ತು. ಅವಳು ಆ ಚುಕ್ಕೆಯನ್ನು ಒತ್ತಿ ನೋಡಿದಳು. ಗುಜರಿ ಅಂಗಡಿ. ಕೆಳಗಿದ್ದ ಫೋನ್ ನಂಬರನ್ನು ಅವಳು ಓದಬೇಕಾಗಿರಲಿಲ್ಲ. ಅದು ಅವಳ ಫೋನಿನಲ್ಲಿ 'ಮಾವ' ಎಂದೇ ಇತ್ತು.

ಕಂಪ್ಯೂಟರಿನ ಹಳೆಯ ಬಿಲ್ಲಿನ ಪರದೆ ಫೋನ್ ನಂಬರ್ ತುಂಬದೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಅಂಗಡಿಯವರೋ ನಂಬರ್ ಕೇಳಿದರೆ ಮುಖ ತಿರುಗಿಸುತ್ತಿದ್ದರು. ಒಮ್ಮೆ ಕೊಟ್ಟರೆ ಸಾಲ ಬೇಕಾ, ಸೈಟು ಬೇಕಾ ಎಂದು ದಿನವಿಡೀ ಜೀವ ತಿನ್ನುತ್ತಾರೆಂದು. ಹಾಗಾಗಿ ಮಾವ ಎಲ್ಲರಿಗೂ ತಮ್ಮ ನಂಬರನ್ನೇ ಹೊಡೆದುಕೊಂಡು ಬಂದಿದ್ದರು. ಯಂತ್ರ ಕೆಟ್ಟರೆ ಅಂಗಡಿಯವರು ಹೇಗೂ ಮಾವನಿಗೇ ಫೋನ್ ಮಾಡುತ್ತಿದ್ದರು, ಕಂಪನಿಗಲ್ಲ. ಹಳೇ ಪೇಟೆಯ ಯಾವ ವಿಷಯವಾದರೂ ಕಂಪನಿ ಕೇಳಬೇಕಾದದ್ದು ಮಾವನನ್ನೇ. ಈ ಏರ್ಪಾಡಿನಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಅವಳು ಗಡಿಯಾರನ ಬಳಿ ಹೋಗಿ, ಕೂಡಿಸಿದ್ದನ್ನು ಬಿಡಿಸಬಹುದೇ ಎಂದು ಕೇಳಿದಳು. ಬೇಸಿಕಲಿ ಬಿಡಿಸಬಹುದು, ಆದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ನಂಬರ್ ಇರಬೇಕು, ಇಲ್ಲದಿದ್ದರೆ ಯಂತ್ರ ಮತ್ತೆ ನುಂಗುತ್ತದೆ ಎಂದ. ನಂಬರ್ ಹಾಕಿದ ಮೇಲೆ ಅದಕ್ಕೊಂದು ಮೆಸೇಜು ಹೋಗುತ್ತದೆ, ಅಂಗಡಿಯವರು 'ಹೌದು, ಇದು ನನ್ನದೇ' ಎಂದು ಒತ್ತಿದರೆ ಅದು ಖಾತ್ರಿಯಾದ ಗ್ರಾಹಕ. ಕ್ಷಣಕಾಲ ಅವಳಿಗೆ ಬಾಯಿಗೆ ಬಂದ ನಂಬರುಗಳನ್ನು ಹೊಡೆದುಬಿಡೋಣ ಅನ್ನಿಸಿತು. ಮೆಸೇಜಿನಲ್ಲಿ ಸಿಕ್ಕಿಬೀಳುತ್ತೇನೆ, ಖಾತ್ರಿಯಾಗದ್ದನ್ನೆಲ್ಲ ಕಿತ್ತೆಸೆಯುತ್ತಾರೆ ಎಂದುಕೊಂಡು ಬಿಟ್ಟಳು. ಕಿತ್ತೆಸೆಯುತ್ತಾರೆಯೇ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ತರಕಾರಿಯನ್ನು ಬೆರಳಿನಿಂದ ತಡವಿ ತಡವಿ ಹೆಚ್ಚುತ್ತಿದ್ದರು. ಮಾವ ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದರು.

"ಮಾವ, ಕಂಪ್ಯೂಟರ್ ಲೆಕ್ಕದಲ್ಲಿ ನಿಮಗಿರೋದು ಒಬ್ಬನೇ ಗಿರಾಕಿ" ಎಂದಳು ಸೊಸೆ.

"ಯಾರಂತೆ ಆ ಪುಣ್ಯಾತ್ಮ?"

"ಗುಜರಿ ಅಂಗಡಿಯವರು."

"ಅವನು ಗ್ರಾಹಕ ಅಲ್ಲಮ್ಮ, ಗ್ರಹಚಾರ."

ಅವಳು ನಗಲಿಲ್ಲ. ಮಾವ ಇನ್ನೊಂದು ಬೂಟನ್ನು ಬಿಚ್ಚದೆ ಅವಳ ಮುಖ ನೋಡಿದರು. ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಚುಕ್ಕೆ ಇಲ್ಲದಿದ್ದರೆ ವಲಯವಿಲ್ಲ, ವಲಯವಿಲ್ಲದಿದ್ದರೆ ಕೆಲಸವಿಲ್ಲ. ಎಲ್ಲ ಅಂಗಡಿಯವರ ನಿಜವಾದ ನಂಬರ್ ಬೇಕು.

"ನಂಬರ್ ಕೊಟ್ಟ ಮೇಲೆ ನನ್ನ ಯಾಕೆ ಕೇಳ್ತಾರೆ?" ಎಂದರು ಮಾವ. "ಅಲ್ಲಿರೋದೆಲ್ಲ ನನ್ನ ತಲೇಲಿ ಮಾತ್ರ ಇದೆ ಅಂತ ತಾನೆ ಇವತ್ತಿಗೂ ಈ ತಲೆಗೆ ಬೆಲೆ. ಅದನ್ನೂ ನಿನ್ನ ಯಂತ್ರಕ್ಕೆ ಹಾಕ್ಬಿಟ್ರೆ ನಾನು ಬರೀ ಹೆಲ್ಮೆಟ್ ಸ್ಟ್ಯಾಂಡು."

"ಕೊಡದಿದ್ರೆ ನೀವು ಇಲ್ಲವೇ ಇಲ್ಲ ಅಂತಾಗುತ್ತೆ ಮಾವ. ನಕ್ಷೇಲಿ ಖಾಲಿ ಇದೆ. ಖಾಲಿ ಜಾಗಕ್ಕೆ ಯಾರು ಸಂಬಳ ಕೊಡ್ತಾರೆ?"

ಅತ್ತೆ ಚಾಕು ಕೆಳಗಿಟ್ಟರು. "ಕೊಡ್ರೀ. ಹೊರಗಿನವರ ಮಾತಿಗೆಲ್ಲ ತಲೆ ಆಡಿಸ್ತಾನೇ ಬಂದಿದೀರಿ. ಒಳಗಿನವಳು ಹೇಳ್ತಿದಾಳೆ, ಒಂದ್ಸಲ ಕೇಳಿ."

ಮಾವ ಇನ್ನೊಂದು ಬೂಟನ್ನೂ ಬಿಚ್ಚಿ ಗೋಡೆಗೆ ಒರಗಿಸಿಟ್ಟರು. ಆಮೇಲೆ, ಈ ನಂಬರುಗಳಿಂದ ಏನೂ ಆಗುವುದಿಲ್ಲ ಎಂದು ನೀನು ಹೇಳುತ್ತೀಯಾ ಎಂದು ಕೇಳಿದರು.

"ನಾನಿದೀನಲ್ಲ ಮಾವ, ಒಳಗೆ" ಎಂದಳು ಸೊಸೆ. ಹಾಗೆ ಹೇಳುವಾಗ ಅವಳು ಅದನ್ನು ಮನಸಾರೆ ನಂಬಿದ್ದಳು.

ಅವಳು ರಜೆ ಹಾಕಿ ಮಾವನ ಸ್ಕೂಟರಿನ ಹಿಂದೆ ಕೂತು ಹಳೇ ಪೇಟೆ ಸುತ್ತಿದಳು. ಪ್ರತಿ ಅಂಗಡಿಯ ಹೊಸ್ತಿಲಲ್ಲಿ ನಿಂತು ಫೋನಿನಲ್ಲಿ ಜಾಗ ಗುರುತು ಹಾಕುವುದು ಅವಳ ಪಾಲು, ನಂಬರ್ ಕೀಳುವುದು ಮಾವನ ಪಾಲು. ಮಾಂಸದಂಗಡಿಯವನು ಕೈ ತೊಳೆದು, ಒರೆಸಿ, ಪ್ರಮಾಣ ಮಾಡುವವನಂತೆ ನೆಟ್ಟಗೆ ನಿಂತು ತನ್ನ ನಂಬರ್ ಒಪ್ಪಿಸಿದ. ಗಿರಣಿಯವಳಿಗೆ ತನ್ನ ನಂಬರ್ ತನಗೇ ಗೊತ್ತಿರಲಿಲ್ಲ. ಹಿಟ್ಟು ಮೆತ್ತಿದ ಫೋನನ್ನು ಮಾವನ ಕೈಗಿಟ್ಟು ನೀವೇ ಹುಡುಕಿಕೊಳ್ಳಿ ಅಂದಳು. ಚಿನ್ನದಂಗಡಿಯವನು ಬಾಯಲ್ಲಿ ಹೇಳಲೊಲ್ಲ. ಗುಲಾಬಿ ಕಾಗದದ ತುಣುಕಿನಲ್ಲಿ ಬರೆದು, ಮಡಿಸಿ, ಉಂಗುರ ಕೊಡುವಂತೆ ಕೊಟ್ಟ. "ನಿಮ್ಮ ಹತ್ರ ನಾನಿದ್ರೆ ಸಾಲದಾ, ಕಂಪನಿಗೆ ನಾನ್ಯಾಕೆ?" ಎಂದು ಕೇಳಿದ.

"ನಾನೇನು ಚಿರಂಜೀವಿನಾ ಸಾವ್ಕಾರ್ರೆ?" ಎಂದು ಮಾವ ಅವನ ಬೆನ್ನು ತಟ್ಟಿದರು.

ನಂಬರ್ ಕೊಟ್ಟ ಕೂಡಲೇ ಅಂಗಡಿಯವರ ಫೋನು ಟಣ್ಣೆನ್ನುತ್ತಿತ್ತು. ಅವರು ಅದನ್ನು ಹಾವು ಕಂಡಂತೆ ಹಿಡಿದು ಮಾವನ ಕಡೆ ಚಾಚುತ್ತಿದ್ದರು. ಮಾವ ಕನ್ನಡಕ ಹಣೆಗೇರಿಸಿ, ಇದು ಬಂದಾಗಲೆಲ್ಲ ಇಲ್ಲಿ 'ಹೌದು' ಅಂತ ಒತ್ತಿ, ಏನೂ ಹೆದರಬೇಡಿ, ನನ್ನ ಸೊಸೆಯ ಕೆಲಸ ಇದು ಎಂದು ಒಬ್ಬೊಬ್ಬರಿಗೂ ಕಲಿಸಿದರು. ಮಧ್ಯಾಹ್ನದ ಹೊತ್ತಿಗೆ ಅವರಿಗೇ ಹುರುಪು ಬಂದಿತ್ತು. ಎರಡು ಅಂಗಡಿಗಳ ನಡುವೆ ಸ್ಕೂಟರ್ ಓಡಿಸುತ್ತಲೇ ಹಿಂದಿನ ಅಂಗಡಿಯವನ ದನಿಯಲ್ಲಿ ಮಾತಾಡುತ್ತಿದ್ದರು. ಸೊಸೆ ನಗುತ್ತ ಹೆಗಲು ಹಿಡಿದುಕೊಂಡಳು. ಇಷ್ಟು ಜನ ತಮ್ಮವರು ಇದ್ದಾರೆಂದು ಮಾವನಿಗೂ ಆವತ್ತೇ ಒಟ್ಟಿಗೆ ಕಂಡದ್ದು.

ಅವಳು ಎಲ್ಲವನ್ನೂ ಮತ್ತೆ ಏರಿಸಿದಳು. ಹಳೇ ಪೇಟೆಯ ಮೇಲೆ ತಿಳಿ ಹಸಿರು ಪಾಚಿಯಂತೆ ದಟ್ಟವಾಗಿ ಹಬ್ಬಿತು. ಸಭೆಯ ಕೋಣೆಯ ಗೋಡೆಯ ಮೇಲೆ ಅದನ್ನು ದೊಡ್ಡದಾಗಿ ತೋರಿಸಿದಾಗ ಮ್ಯಾನೇಜರ್ ಎದ್ದೇ ನಿಂತ. ಮಾವನ ಡೇಟಾ ನೋಡಿ ಕಲೀರೀ, ಒಂದು ಚುಕ್ಕೆ ಆಚೀಚೆ ಇಲ್ಲ, ಎಲ್ಲ ಖಾತ್ರೀ, ಎಂದು ರಾಗ ಎಳೆದ. ಮಾರಾಟಗಾರರು ಚಪ್ಪಾಳೆ ತಟ್ಟಿದರು. ಮಾವ ಕೂತಲ್ಲಿಂದಲೇ ಸೊಸೆಯತ್ತ ಕೈ ತೋರಿಸಿದರು.

ಆಮೇಲೆ ಗಡಿಯಾರ 'ಸಮತೋಲನ' ಎಂಬ ಗುಂಡಿ ಒತ್ತಿದ. ಬಣ್ಣಗಳು ಕದಡಿ, ಹರಿದು, ಅಲ್ಲಲ್ಲಿ ನಿಂತವು. ನಿಂತಾಗ ತಿಳಿ ಹಸಿರು ಎಲ್ಲೂ ಇರಲಿಲ್ಲ. ಹಳೇ ಪೇಟೆ ಬೂದಿ ಬಣ್ಣಕ್ಕೆ ತಿರುಗಿತ್ತು. ಬೂದಿ ಯಾರ ಬಣ್ಣ ಎಂದು ಯಾರೋ ಕೇಳಿದರು.

"ಅದು ಯಾರದೂ ಅಲ್ಲ. ಫೋನ್ ಕೌಂಟರ್, ಹುಡುಗಿಯರು ಕೂತಲ್ಲಿಂದಲೇ ಫೋನ್ ಮಾಡಿ ಮಾರ್ತಾರೆ" ಎಂದ ಗಡಿಯಾರ. "ಬೇಸಿಕಲಿ, ನಂಬರ್ ಖಾತ್ರಿ ಇದೆ, ಮೆಸೇಜಿಗೆ ತಕ್ಷಣ ಉತ್ತರ ಕೊಡ್ತಾರೆ, ಪ್ರತಿ ವರ್ಷ ತಪ್ಪದೆ ಕೊಳ್ತಾರೆ. ಇಂಥವರ ಹತ್ರ ಆಳು ಕಳಿಸೋ ಅಗತ್ಯ ಇಲ್ಲ."

ಪಕ್ಕದ ವಲಯ ಗಾಳಿಪಟ ಎಂಬ ಅಡ್ಡಹೆಸರಿನ ಮಾರಾಟಗಾರನದು. ಎಲ್ಲಿದ್ದಾನೆಂದು ಯಾರಿಗೂ ತಿಳಿಯದ್ದರಿಂದ ಆ ಹೆಸರು. ಅವನು ತನ್ನ ಗಿರಾಕಿಗಳ ನಂಬರುಗಳನ್ನು ಚಹಾ ಕುಡಿಯುತ್ತ ಮನಸ್ಸಿನಿಂದಲೇ ಹುಟ್ಟಿಸಿದ್ದ. ಒಂದಕ್ಕೂ ಉತ್ತರ ಬಂದಿರಲಿಲ್ಲ. ಅವನ ಚುಕ್ಕೆಗಳ ಮೇಲೆಲ್ಲ ಯಂತ್ರ ಒಂದು ಗುರುತು ಹಾಕಿತ್ತು: 'ಸಂಪರ್ಕಕ್ಕೆ ಸಿಗುತ್ತಿಲ್ಲ, ಖುದ್ದು ಭೇಟಿ ಅಗತ್ಯ.' ಅವನ ವಲಯ ಒಂದು ಗೆರೆಯೂ ಅಳಿಸದೆ ಉಳಿದಿತ್ತು. ಮೇಲಾಗಿ, ತುಟ್ಟಿ ಯಂತ್ರ ಕೊಳ್ಳುವ ಹಳೇ ಪೇಟೆಯ ಚಿನ್ನದಂಗಡಿಗಳಿಗೆ ಆಳು ಬೇಕೆಂದು ಅವನ್ನೂ ಅವನ ಕಡೆಗೇ ಸೇರಿಸಿತ್ತು.

ಸೊಸೆ ಗುರುತನ್ನು ಮತ್ತೆ ಮತ್ತೆ ಓದಿದಳು. ಅವಳು ಬಾಯಿಗೆ ಬಂದ ನಂಬರ್ ಹೊಡೆದಿದ್ದರೆ ಮಾವ ಉಳಿಯುತ್ತಿದ್ದರು.

ಸಭೆ ಮುಗಿದ ಮೇಲೆ ಅವಳು ಮ್ಯಾನೇಜರನ ಕೋಣೆಗೆ ಹೋದಳು. ಹಳೇ ಪೇಟೆಯವರು ಮಾವನನ್ನು ನೋಡಿ ಕೊಳ್ಳುವವರು, ಫೋನಿಗೆ ಬಗ್ಗುವವರಲ್ಲ, ಅವರನ್ನೂ ಖುದ್ದು ಭೇಟಿಯ ಗುಂಪಿಗೆ ಹಾಕೋಣ ಎಂದಳು.

"ಶುದ್ಧವಾಗಿರೋದನ್ನ ಕೊಳೆ ಮಾಡು ಅಂತೀಯೇನಮ್ಮ?" ಮ್ಯಾನೇಜರನ ದನಿಯಲ್ಲಿ ಸಿಟ್ಟಿರಲಿಲ್ಲ. ಎಳೆಯುವ ರಾಗವೂ ಇರಲಿಲ್ಲ. "ಇದನ್ನ ಕಂಪನಿ ಕಡೆಯಿಂದ ಕೇಳ್ತಿದೀಯಾ, ಮನೆ ಕಡೆಯಿಂದ ಕೇಳ್ತಿದೀಯಾ?"

ಅವಳು ತನ್ನ ವಾಲಿದ ಕುರ್ಚಿಗೆ ಮರಳಿದಳು. ಮಾಹಿತಿ ಇನ್ನೂ ಅವಳ ಕೈಯಲ್ಲೇ ಇತ್ತು. ಮಾಂಸದಂಗಡಿಯನ್ನು ತೆರೆದು, 'ಖಾತ್ರಿ' ಎಂದಿದ್ದುದನ್ನು 'ಸಿಗುತ್ತಿಲ್ಲ' ಎಂದು ಬದಲಿಸಿದಳು. ಬೂದಿಯ ನಡುವೆ ಒಂದು ಚುಕ್ಕೆ ತಿಳಿ ಹಸಿರಾಯಿತು. ಅವಳು ಉಸಿರು ಬಿಡುವಷ್ಟರಲ್ಲಿ ಯಂತ್ರ ತಾನಾಗಿಯೇ ಆ ನಂಬರಿಗೆ ಇನ್ನೊಮ್ಮೆ ಮೆಸೇಜು ಕಳಿಸಿತು. ಆ ಕಡೆ ಮಾಂಸದಂಗಡಿಯವನು ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಮಾವ ಕಲಿಸಿಕೊಟ್ಟಂತೆ 'ಹೌದು' ಎಂದು ಒತ್ತಿರಬೇಕು. ಚುಕ್ಕೆ ಮತ್ತೆ ಬೂದಿಯಾಯಿತು. ಗಿರಣಿಯದನ್ನು ಬದಲಿಸಿದಳು. ಗಿರಣಿಯವಳೂ ತಡಮಾಡಲಿಲ್ಲ. ಅವಳು ಪರದೆ ಮುಚ್ಚಿದಳು.

ಆ ದಿನ ಮಾವ ವಲಯ ಹೋದ ಸುದ್ದಿಯನ್ನು ಅತ್ತೆಗೆ ಹೇಳಲಿಲ್ಲ. ಮರುದಿನವೂ ಎಂದಿನಂತೆ ಹೊರಟರು, ಎಂದಿನಂತೆ ಬಂದರು. ಕೌಂಟರಿನ ಹುಡುಗಿಯರಿಗೆ ಫೋನ್ ಇನ್ನೂ ಕೊಟ್ಟಿಲ್ಲ, ಅಲ್ಲಿಯವರೆಗೆ ಪೇಟೆ ನನ್ನದೇ ಎಂದು ಸೊಸೆಗೊಬ್ಬಳಿಗೇ ಕೇಳುವಂತೆ ಅಂದರು. ಊಟದ ಹೊತ್ತಿಗೆ ಅತ್ತೆ, ಇವತ್ತು ಯಾರ ದನಿಯೂ ಇಲ್ಲವಲ್ಲ ಎಂದದ್ದಕ್ಕೆ ಗಂಟಲು ಕೆಟ್ಟಿದೆ ಎಂದರು.

ಹೊಸ ಹಂಚಿಕೆಗೆ ಪ್ರತಿಯೊಬ್ಬ ಮಾರಾಟಗಾರನೂ ತನ್ನ ಫೋನಿನಲ್ಲಿ ಒಪ್ಪಿಗೆ ಒತ್ತಬೇಕಿತ್ತು. ಮಾವ ಪ್ರತಿ ಬಾರಿಯೂ 'ನಂತರ ನೆನಪಿಸು' ಎಂದು ಒತ್ತುತ್ತಿದ್ದರು. ಕೊನೆಗೆ ಮ್ಯಾನೇಜರ್ ಸೊಸೆಯನ್ನು ಕರೆದು, ನಿಮ್ಮ ಮಾವನದೊಂದೇ ಬಾಕಿ ಎಂದ. ಒಪ್ಪಿದರೆ ಗೌರವದ ನಿವೃತ್ತಿ ಎಂದು ಬರೆಯುತ್ತೇವೆ, ವಿಮೆ ಈ ವರ್ಷದ ಕೊನೆಯವರೆಗೆ ನಡೆಯುತ್ತದೆ. ಒಪ್ಪದಿದ್ದರೆ ಈ ತಿಂಗಳಿಗೇ ನಿಲ್ಲುತ್ತದೆ. ಇದನ್ನು ನಾನು ಹೇಳುವುದಕ್ಕಿಂತ ನೀನು ಹೇಳುವುದು ಚೆನ್ನ ಎಂದ. ಅತ್ತೆ ಮಲಗಿದ ಮೇಲೆ ಅವಳು ಮಾವನಿಗೆ ಹೇಳಿದಳು. ಕೆಲಸ ಬಿಟ್ಟುಬಿಡುತ್ತೇನೆ ಎಂದೂ ಹೇಳಿದಳು. ಮಾವ ಅದಕ್ಕೆ, ಇಬ್ಬರೂ ಮನೆಯಲ್ಲಿ ಕೂತರೆ ನಿನ್ನ ಅತ್ತೆ ಇಬ್ಬರನ್ನೂ ತೂಕಕ್ಕೆ ಹಾಕುತ್ತಾಳೆ ಎಂದು ಅವಳ ಬಾಯಿ ಮುಚ್ಚಿಸಿದರು.

ಬೆಳಿಗ್ಗೆ ಮೂವರೂ ಅಡುಗೆಮನೆಯ ಮೇಜಿನ ಬಳಿ ಇದ್ದರು. ಅತ್ತೆ ತಲೆ ಹಿಂದಕ್ಕೆ ಚೆಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡು ರೆಪ್ಪೆ ಮುಚ್ಚಿದ್ದರು. ಮಾವ ಫೋನನ್ನು ಸೊಸೆಯ ಮುಂದೆ ಇಟ್ಟರು.

"ಎಲ್ಲಿ ಒತ್ಬೇಕು ತೋರಿಸಮ್ಮ."

"ನಿಮಗೆ ಗೊತ್ತಲ್ಲ ಮಾವ."

"ಗೊತ್ತು. ನೀನು ತೋರಿಸು."

"ಏನದು ಒತ್ತೋದು?" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಏನು ಬರ್ದಿದೆ ಅದ್ರಲ್ಲಿ? ಓದು ನೋಡೋಣ."

ಮಾವ ಬೇಡವೆನ್ನಲಿಲ್ಲ. ಸೊಸೆ ಫೋನನ್ನು ಕೈಗೆತ್ತಿಕೊಂಡು ಇದ್ದದ್ದನ್ನು ಇದ್ದ ಹಾಗೇ ಓದಿದಳು. ಮಾನ್ಯರೇ, ನಿಮ್ಮ ಹೊಸ ವಲಯ ಸಿದ್ಧವಾಗಿದೆ. ನಿಮ್ಮ ವಲಯದಲ್ಲಿರುವ ಗ್ರಾಹಕರು, ಸೊನ್ನೆ. ಈ ಹಂಚಿಕೆಗೆ ನಿಮ್ಮ ಒಪ್ಪಿಗೆ ಇದೆಯೇ.

ಅತ್ತೆಯ ಮುಚ್ಚಿದ ರೆಪ್ಪೆಯ ತುದಿಯಿಂದ ಔಷಧಿಯ ಹನಿ ಕಿವಿಯ ಕಡೆಗೆ ಇಳಿಯಿತು. ಅವರು ಅದನ್ನು ಸೆರಗಿನಿಂದ ಒತ್ತಿಕೊಂಡರು. ಸೊಸೆ ಫೋನನ್ನು ಮೇಜಿನ ಮೇಲಿಟ್ಟು, ಬಲಗಡೆಯ ಗುಂಡಿಯ ಪಕ್ಕಕ್ಕೆ ಬೆರಳಿಟ್ಟು ತೋರಿಸಿದಳು. ಮಾವ ಒತ್ತಿದರು. ಖಚಿತವೇ ಎಂದು ಅದು ಇನ್ನೊಮ್ಮೆ ಕೇಳಿತು. ಅದನ್ನೂ ಒತ್ತಿದರು.

"ವಿಮೆ ಎಲ್ಲಿವರೆಗೆ?" ಎಂದು ಕೇಳಿದರು ಅತ್ತೆ.

"ವರ್ಷದ ಕೊನೆವರೆಗೆ ಅತ್ತೆ."

"ಹಾಗಾದ್ರೆ ಡಾಕ್ಟರ ಹತ್ರ ಕೇಳ್ಬೇಕು. ಇರೋ ಸೂಜಿಗಳನ್ನ ಅಷ್ಟರೊಳಗೇ ಹಾಕಿಸ್ಕೊಳ್ಳೋಕಾಗುತ್ತಾ ಅಂತ." ಅವರು ಮೇಜಿನ ಮೇಲೆ ಕೈಯಾಡಿಸಿ ಗಂಡನ ಮಣಿಕಟ್ಟು ಹುಡುಕಿಕೊಂಡರು. "ಕರ್ಕೊಂಡು ಹೋಗೋಕೆ ಇವಳಿಗೆ ರಜ ಕೊಡ್ತಾರೋ ಇಲ್ವೋ."

"ನಾನು ಬರ್ತೀನಿ" ಎಂದರು ಮಾವ. "ನಂಗೇನು, ಬಿಡುವೇ."